ಮೋನಾಚಾರಿ ಕೋವಿಗೆ ಮರ ಕೂರಿಸಿದ್ದು

ಬಹಳ ಹಿಂದೆ, ಮರಗಳಿಗೂ ಕಾಗೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಿನಪುರವೆಂಬ ರಾಜ್ಯವಿತ್ತು. ರಾಜ್ಯದ ಅಂಚಿಗೆ ಒಂದು ಹೊಳೆ. ಹೊಳೆಯಾಚೆಯ ಬೆಟ್ಟದಲ್ಲಿ ಬೂದಿಮುಖನೆಂಬ ಮಾಂತ್ರಿಕನಿದ್ದ. ಅಮಾವಾಸ್ಯೆಗೊಬ್ಬರಂತೆ, ನೀರಿಗೆ ಬಂದವರನ್ನು ಹಿಡಿದು ಮೃಗ ಮಾಡುತ್ತಿದ್ದ. ಒಬ್ಬಳು ಜಿಂಕೆಯಾದಳು, ಒಬ್ಬ ಕರಡಿಯಾದ, ಊರ ಪುರೋಹಿತರು ಮುಳ್ಳುಹಂದಿಯಾದರು. ಅವರ ಸ್ವಭಾವಕ್ಕೆ ಅದೇ ಸರಿ ಎಂದವರೂ ಇದ್ದರು. ಎಲ್ಲರಿಗಿಂತ ಮೊದಲು ಹಿಡಿದವನನ್ನು ಬಿಳಿಹುಲಿ ಮಾಡಿ, ತನ್ನ ಪ್ರಾಣವನ್ನು ಅದರೊಳಗೆ ಬಚ್ಚಿಟ್ಟಿದ್ದ. ಆ ಹುಲಿ ಸತ್ತರೆ ಮಾಂತ್ರಿಕನೂ ಸಾಯುತ್ತಾನೆ, ಉಳಿದವರೆಲ್ಲ ಮತ್ತೆ ಮನುಷ್ಯರಾಗುತ್ತಾರೆ. ಹುಲಿಯಾದವನು ಮಾತ್ರ ಮರಳುವುದಿಲ್ಲ.

ಹುಲಿಯಾದವನು ಶಂಭು. ಅರಮನೆಯ ಕೋವಿಗಳನ್ನು ಮಾಡಿ ರಿಪೇರಿ ಮಾಡುತ್ತಿದ್ದ ಮುದುಕ ಮೋನಾಚಾರಿಯ ಮಗ. ಇದು ಊರಿಗೆಲ್ಲ ಗೊತ್ತಿತ್ತು. ಸಂಜೆ ಹೊಳೆಯಾಚೆ ಹುಲಿ ಕೂಗಿದರೆ ಮುದುಕ, "ಹುಡುಗನಿಗೆ ಇವತ್ತು ಗಂಟಲು ಕಟ್ಟಿದೆ" ಎನ್ನುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನಿಗೆ ಹುಲಿ.

ಮೂರು ವರ್ಷ ರಾಣಿ ಪದ್ಮಲೆ ಮುದುಕನ ಮುಖ ನೋಡಿ ಸುಮ್ಮನಿದ್ದಳು. ಮೂವತ್ತಾರನೆಯವಳಾಗಿ ಒಬ್ಬ ತುಂಬು ಬಸುರಿ ಹೋದ ಮೇಲೆ ಅವನನ್ನು ಕರೆಸಿದಳು.

"ಆಚಾರ್ರೇ, ಆ ಹುಲಿಗೆ ಮೂರು ಜೀವ. ಒಂದು ಹೋಗಿ, ಉಸಿರೆಳೆದು ಬಿಡುವುದರೊಳಗೆ ಇನ್ನೊಂದು ಹೋಗಬೇಕು. ತಡವಾದರೆ ಹೋದದ್ದು ಮರಳಿ ಬರುತ್ತದೆ. ಅಷ್ಟು ಬೇಗ ಹೊಡೆಯುವ ಕೋವಿ ನಮ್ಮಲ್ಲಿರುವುದು ಒಂದೇ, ಚಿಲಕ ಎಳೆದು ನೂಕಿದರೆ ಮುಂದಿನ ಗುಂಡು ತಾನೇ ಬಂದು ಕೂರುವ ಚಿಲಕದ ಕೋವಿ. ಅದರ ಭುಜಕ್ಕೊರಗುವ ಮರವನ್ನು ಗೆದ್ದಲು ತಿಂದಿದೆ. ಚಿಲಕ ಎಳೆದರೆ ಸಿಕ್ಕಿಕೊಳ್ಳುತ್ತದೆ. ಸರಿ ಮಾಡಿಕೊಡಿ."

"ಹೊಡೆಯುವವರು ಯಾರು ಮಹಾತಾಯಿ?"

ರಾಣಿ ತಲೆ ತಗ್ಗಿಸಿದಳು. "ನಿಮ್ಮ ಮಗಳು. ಹೊನ್ನಾಂಬೆಯಷ್ಟು ಗುರಿ ಇನ್ಯಾರಿಗಿದೆ?"

ಆ ರಾಜ್ಯದ ಕೋವಿಗಳಿಗೆ ಒಂದು ಗುಣವಿತ್ತು. ಯಾರ ತೋಳಿನ ಅಳತೆಗೆ ಮರ ಕಡೆದಿದೆಯೋ ಅವರು ಹೊಡೆದರೆ ಮಾತ್ರ ಗುಂಡು ಗುರಿಗೆ ಹೋಗುತ್ತಿತ್ತು. ಬೇರೆಯವರು ಹೊಡೆದರೆ ಗುಂಡು ಗುಬ್ಬಿಯಾಗಿ ಹಾರಿಹೋಗುತ್ತಿತ್ತು. ಮೋನಾಚಾರಿ ಮನೆಗೆ ಬಂದು ದಾರ ತೆಗೆದ. ಹೊನ್ನಾಂಬೆ ಅಳುತ್ತಲೇ ತೋಳು ಚಾಚಿದಳು.

"ನಾನೇ ಹೋಗ್ತೀನಿ ಅಪ್ಪಯ್ಯ. ಗುರಿ ಇಲ್ಲದವರು ಹೊಡೆದು ಅಣ್ಣ ನರಳೋದು ಬೇಡ."

ಮುದುಕ ಅವಳ ಮೊಣಕೈ ಮಡಿಕೆಯಿಂದ ಬೆರಳ ಗೆಣ್ಣಿನವರೆಗೆ ಅಳೆದು, ದಾರಕ್ಕೆ ಗಂಟು ಹಾಕಿದ.

ಮೊದಲು ಮರ ಬೇಕಿತ್ತು. ಕಾಡಿನಲ್ಲಿ ಒಂದು ಹಳೆಯ ಬೀಟೆ ಮರವಿತ್ತು. ಸುಳ್ಳು ಹೇಳಿದವರಿಗೆ ಅದು ಕೊಂಬೆ ಕೊಡುತ್ತಿರಲಿಲ್ಲ. ದಾರಿಯಲ್ಲಿ ಮಾಂತ್ರಿಕನ ಕಾಗೆ ಬಂದು ಕೂತಿತು. "ಹುಳ ತಿಂದ ಕೊಂಬೆ ಸಾಕು ಮುದುಕಾ, ಮಗ ಉಳೀತಾನೆ" ಎಂದಿತು. ಮುದುಕ ಮುಂದೆ ನಡೆದ.

"ಯಾರ ಭುಜಕ್ಕೆ?" ಎಂದು ಬೀಟೆ ಮರ ಕೇಳಿತು. ಮೋನಾಚಾರಿ ತೊಗಟೆಗೆ ಬಾಯಿಟ್ಟು ಪಿಸುಗುಟ್ಟಿದ. ಮರ ಏಳು ವರ್ಷ ಒಣಗಿದ ಒಂದು ಕೊಂಬೆಯನ್ನು ಮೆಲ್ಲಗೆ ಬೀಳಿಸಿತು.

ಎರಡನೆಯದು ಕೋವಿಯ ಉಕ್ಕನ್ನು ಮರಕ್ಕೆ ಕೂರಿಸುವ ಕೆಲಸ. ಉಕ್ಕಿಗೆ ದೀಪದ ಮಸಿ ಹಚ್ಚಿ, ಮರದ ಗುಳಿಯಲ್ಲಿ ಒತ್ತಿ, ಎತ್ತಿ ನೋಡಬೇಕು. ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆ. ಕಾಗೆ ಕಿಟಕಿಗೆ ಬಂದಿತು. "ಇನ್ನೆರಡು ಎಳೆ ಜಾಸ್ತಿ ಕೆರೆ. ಕೋವಿ ಒಳಗೊಳಗೇ ಅಲುಗಾಡಲಿ, ಮಗ ಉಳೀತಾನೆ." ಮುದುಕ ಉಳಿ ಕೆಳಗಿಟ್ಟು ಕಣ್ಣೊರೆಸಿಕೊಂಡ. ಜಾಸ್ತಿ ಕೆರೆಯಲಿಲ್ಲ.

ಮೂರನೆಯದು ಚಿಲಕ. ನುಣ್ಣನೆಯ ಇಟ್ಟಿಗೆ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ ಸವರಿ, ಎಳೆದು ನೂಕಿದ, ಎಳೆದು ನೂಕಿದ, ದಿನಕ್ಕೆ ಸಾವಿರ ಸಲ. ಮೊದಲ ದಿನ ಚಿಲಕ ಕರಕರ ಅಂದಿತು. ಎರಡನೆಯ ದಿನ ಸರಸರ ಅಂದಿತು. ಮೂರನೆಯ ದಿನ ಸದ್ದೇ ಮಾಡಲಿಲ್ಲ. ಪುಡಿಯನ್ನೆಲ್ಲ ಒರೆಸುವಾಗ ಕಾಗೆ ಹೊಸ್ತಿಲಿಗೇ ಬಂದಿತು. "ಒಂದೇ ಒಂದು ಮರಳಿನ ಕಣ ಒಳಗೆ ಬಿಡು. ಚಿಲಕ ಒಮ್ಮೆ ತಡವರಿಸಿದರೆ ಸಾಕು, ಮಗ ಉಳೀತಾನೆ." ಮೋನಾಚಾರಿ ಬೆರಳ ತುದಿಗೆ ಒಂದು ಕಣ ಅಂಟಿಸಿಕೊಂಡು ಅದನ್ನೇ ನೋಡುತ್ತ ಕೂತ. ಆ ಬಸುರಿ ಹೆಂಗಸಿನ ಗಂಡ ದಿನಾ ಹೊಳೆ ದಂಡೆಯಲ್ಲಿ ಕೂತಿರುವುದು ನೆನಪಾಯಿತು. ಕಣವನ್ನು ಊದಿಬಿಟ್ಟ.

ಅರಮನೆಯ ಅಂಗಳದಲ್ಲಿ ಹೊನ್ನಾಂಬೆ ಕೋವಿಯನ್ನು ಭುಜಕ್ಕೇರಿಸಿದಳು. ಮರ ಉದ್ದವಾಗಿತ್ತು, ಬೆರಳು ಎಟುಕಲಿಲ್ಲ. ಕಷ್ಟಪಟ್ಟು ಹೊಡೆದರೆ ಗುಂಡು ಗುಬ್ಬಿಯಾಗಿ ರಾಣಿಯ ತಲೆಯ ಮೇಲೆ ಹಾರಿಹೋಯಿತು.

"ಅರವತ್ತಕ್ಕೆ ಅರಳು ಮರಳು" ಎಂದ ಮಂತ್ರಿ. ಜನ ನಕ್ಕರು. ಹೊನ್ನಾಂಬೆ ನಗಲಿಲ್ಲ. ಅವಳೂ ಆಚಾರಿಯ ಮಗಳೇ. ಕೋವಿಯನ್ನು ತಂದೆಯ ತೋಳಿಗೆ ಹಿಡಿದು ನೋಡಿದಳು. ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ಅಪ್ಪಯ್ಯ! ಇದು ನಿನ್ನ ಅಳತೆ."

"ಹೌದು ಮಗಳೇ. ಹೊಡೆದವರು ಆಮೇಲೂ ಬದುಕಬೇಕಲ್ಲ. ನಿನಗೆ ಇನ್ನೂ ಐವತ್ತು ವರ್ಷ ಇದೆ. ನನಗೆ ಎಷ್ಟಿದೆ?"

ಅವಳು ಕಾಲು ಹಿಡಿದಳು, ಕೋವಿ ಹಿಡಿದು ಎಳೆದಳು, ಬೈದಳು. ಮುದುಕ ಜಗ್ಗಲಿಲ್ಲ. ಬೆಳಗಿನ ಬಿಸಿಲಲ್ಲಿ ಒಬ್ಬನೇ ದೋಣಿಯಲ್ಲಿ ಹೊಳೆ ದಾಟಿದ.

ಬಿಳಿಹುಲಿ ದಂಡೆಯಲ್ಲಿ ನೀರು ಕುಡಿಯುತ್ತಿತ್ತು. ಮೋನಾಚಾರಿ ಹೊಡೆದ. ಬಿಳಿಹುಲಿ ಬಿದ್ದು, ಕರಿಹುಲಿ ಎದ್ದಿತು. ಚಿಲಕ ಎಳೆದು ನೂಕಿ ಹೊಡೆದ. ಕರಿಹುಲಿ ಬಿತ್ತು. ಅಲ್ಲಿ ಶಂಭು ಎದ್ದು ನಿಂತ. ಮೂರು ವರ್ಷದ ಹಿಂದೆ ನೀರಿಗೆ ಹೋದಾಗ ಉಟ್ಟಿದ್ದ ಅದೇ ಪಂಚೆ, ಕೈಯಲ್ಲಿ ಅದೇ ಬಿಂದಿಗೆ.

"ಅಪ್ಪಯ್ಯಾ, ಬಂದ್ಯಾ? ಮನೆಗೆ ಹೋಗೋಣ" ಎಂದ.

ಉಳಿದದ್ದು ಒಂದು ಉಸಿರು. ಚಿಲಕ ಒಮ್ಮೆ ಸಿಕ್ಕಿಕೊಂಡಿದ್ದರೆ, ಒಂದೇ ಒಂದು ಸಲ ಕರಕರ ಅಂದಿದ್ದರೆ, ದೇವರ ಮೇಲೆ ಹಾಕಿ ಕೋವಿ ಇಳಿಸಬಹುದಿತ್ತು. ಅವನೇ ಮೂರು ಸಾವಿರ ಸಲ ಉಜ್ಜಿದ ಚಿಲಕ. ಎಣ್ಣೆಯ ಹಾಗೆ ಜಾರಿ ಕೂತಿತು.

ಮೋನಾಚಾರಿ ಹೊಡೆದ.

ಬೆಟ್ಟದ ಮೇಲೆ ಬೂದಿಮುಖ ಬೂದಿಯಾಗಿ ಉದುರಿದ. ಕಾಡಿನಿಂದ ಮೂವತ್ತೈದು ಜನ ಕಣ್ಣುಜ್ಜಿಕೊಳ್ಳುತ್ತ ಬಂದರು. ಬಸುರಿ ಬಂದಳು, ಅವಳ ಗಂಡ ಈಜಿಯೇ ಹೊಳೆ ದಾಟಿದ. ಪುರೋಹಿತರು ಬಂದವರೇ, ಇಷ್ಟು ತಡ ಏಕೆ ಎಂದು ಜಗಳ ತೆಗೆದರು. ಶಂಭು ನಿಂತಿದ್ದ ಕಡೆ ಬಿಂದಿಗೆಯೊಂದೇ ಇತ್ತು. ಮುದುಕ ಅದನ್ನೆತ್ತಿ, ಯಾರೂ ನೋಡುವ ಮೊದಲೇ ಹೊಳೆಯ ನಡುವಿಗೆ ಎಸೆದುಬಿಟ್ಟ.

ಈಚೆ ದಡದಲ್ಲಿ ಹೊನ್ನಾಂಬೆ ಕಾದಿದ್ದಳು. "ಅಣ್ಣ ಏನಾದ್ರೂ ಅಂದನಾ? ನಿನ್ನ ಗುರುತು ಹಿಡಿದನಾ?"

"ಇಲ್ಲ ತಾಯಿ. ಅದು ಬರೀ ಹುಲಿ."

ಮುತ್ತಿನಪುರ ಸುಖವಾಗಿತ್ತು. ಹೆಂಗಸರು ಹೆದರದೆ ನೀರಿಗೆ ಹೋದರು, ಹೊನ್ನಾಂಬೆ ಮದುವೆಯಾಗಿ ಮಕ್ಕಳ ತಾಯಿಯಾದಳು, ಕತೆಯಲ್ಲಿ ಆಗಬೇಕಾದ ಒಳ್ಳೆಯದೆಲ್ಲ ಆಯಿತು. ಮುದುಕ ಇನ್ನೂ ಒಂಬತ್ತು ವರ್ಷ ಬದುಕಿದ. ಅಷ್ಟು ಆಯುಸ್ಸನ್ನು ಅವನು ಬೇಡಿರಲಿಲ್ಲ. ಮಗಳು ಆಗಾಗ ಅದೇ ಮಾತು ಕೇಳುತ್ತಿದ್ದಳು, ಅವನು ಅದೇ ಉತ್ತರ ಕೊಡುತ್ತಿದ್ದ. ಕಡೆಯ ದಿನ, ಉಸಿರು ಸಿಕ್ಕಿಸಿಕ್ಕಿ ಬರುವಾಗ, ಅವಳು ಅವನ ಕೈ ಹಿಡಿದು ಕೂತಳು.

"ಈಗಲಾದ್ರೂ ನಿಜ ಹೇಳು ಅಪ್ಪಯ್ಯ. ಅಣ್ಣ ಏನಂದ?"

ಮುದುಕ ಅವಳ ತಲೆ ಸವರಿದ.

"ಬರೀ ಹುಲಿ, ಮಗಳೇ" ಎಂದ. "ಬರೀ ಹುಲಿ."