ಮಡಿಕೆ ತಪ್ಪಿದ ಕೋಶಗಳು

ಸಂಶೋಧಕಿ ಜೀವಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆದಳು. ಮೊದಲ ಗಾಜಿನ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಜೀವಕೋಶಗಳು ತಳ ಬಿಟ್ಟು ತೇಲುತ್ತಿದ್ದವು. ಸತ್ತಿದ್ದವು. ಎರಡನೆಯ ತಟ್ಟೆ ಚೆನ್ನಾಗಿತ್ತು. ಮೂರನೆಯದರಲ್ಲಿ ಮತ್ತೆ ಸಾವು.

ಸತ್ತವೆಲ್ಲ ಅವಳ ಅಕ್ಕನ ಕೋಶಗಳು. ಆರೋಗ್ಯವಂತರ ಕೋಶಗಳಿದ್ದ ಒಂದು ತಟ್ಟೆಯೂ ಹಾಳಾಗಿರಲಿಲ್ಲ.

ಸಂಸ್ಥೆಯ ನಿರ್ದೇಶಕರು ಪೊಲೀಸರನ್ನು ಕರೆಸಿದರು. ಬಂದ ಇನ್‌ಸ್ಪೆಕ್ಟರ್ ಹೆಂಗಸು, ಮಾತು ಕಡಿಮೆ. ಮೊದಲು ಎಲ್ಲ ತಟ್ಟೆಗಳನ್ನೂ ಹಿಮಪೆಟ್ಟಿಗೆಗೆ ಹಾಕಿಸಿ ಮೊಹರು ಒತ್ತಿಸಿದಳು. ಆಮೇಲೆ ಸಂಶೋಧಕಿಯ ಎದುರು ಕುರ್ಚಿ ಎಳೆದುಕೊಂಡಳು.

"ನನಗೆ ವಿಜ್ಞಾನ ಬರಲ್ಲ. ಬಿಡಿಸಿ ಹೇಳಿ."

"ಪ್ರೋಟೀನ್ ಅಂದ್ರೆ ಉದ್ದ ದಾರ ಇದ್ದ ಹಾಗೆ. ಸರಿಯಾಗಿ ಮಡಚಿಕೊಂಡ್ರೆ ಮಾತ್ರ ಕೆಲಸ ಮಾಡುತ್ತೆ. ಮಡಚೋಕೆ ನೆರವಾಗೋ ಇನ್ನೊಂದು ಪ್ರೋಟೀನಿದೆ, ಚಾಪೆರೋನ್ ಅಂತೀವಿ. ಅದನ್ನ ತಯಾರಿಸೋ ಜೀನ್ ನಮ್ಮಕ್ಕನಲ್ಲಿ ಕೆಟ್ಟಿದೆ. ಸ್ನಾಯುಗಳು ಸೋಲ್ತಾ ಬರ್ತಿವೆ."

"ಈ ತಟ್ಟೆಗಳು ಯಾತಕ್ಕೆ?"

"ಪ್ರೊಫೆಸರ್ ಒಂದು ಮಾತ್ರೆ ಮಾಡಿದ್ದಾರೆ. ಕೆಟ್ಟ ಚಾಪೆರೋನಿನ ಕೆಲಸ ಅದು ಮಾಡುತ್ತಂತೆ. ನಿಜವೋ ಸುಳ್ಳೋ ಅಂತ ಪರೀಕ್ಷೆ ನಡೀತಿತ್ತು. ಯಾವ ತಟ್ಟೆ ಯಾರದ್ದು ಅಂತ ಹೊರಗೆ ಕಾಣಲ್ಲ. ಗುರುತು ನನಗೊಬ್ಬಳಿಗೇ ಗೊತ್ತು."

ಬಾಗಿಲಲ್ಲಿ ನಿಂತಿದ್ದ ಪ್ರೊಫೆಸರ್ ಬಾಯಿ ಹಾಕಿದರು. "ಅದನ್ನೇ ನಾನೂ ಹೇಳ್ತಿರೋದು. ಗುರುತು ಗೊತ್ತಿಲ್ಲದವರು ಹೀಗೆ ಆರಿಸಿ ಆರಿಸಿ ಹೇಗೆ ಕೊಲ್ತಾರೆ? ನನ್ನ ಮಾತ್ರೆ ಕೆಲಸಕ್ಕೆ ಬಾರದ್ದು ಅಂತ ಮೊದಲಿಂದ ಕೂಗಾಡಿದವಳು ಇವಳೇ."

ನಿರ್ದೇಶಕರು ದನಿ ತಗ್ಗಿಸಿದರು. "ರಾಜೀನಾಮೆ ಕೊಟ್ಟುಬಿಡಮ್ಮ. ಮರ್ಯಾದೆಯಿಂದ ಹೋಗಬಹುದು."

"ಕೊಡಲ್ಲ ಸರ್," ಎಂದಳು ಸಂಶೋಧಕಿ. "ಬೇಕಾದ್ರೆ ಕುತ್ತಿಗೆ ಹಿಡಿದು ನೂಕಿ. ನಾನಾಗಿ ಹೋಗಲ್ಲ."

* * *

ನೂಕಿಯೇಬಿಟ್ಟರು. ಅವಳನ್ನು ಕೆಲಸದಿಂದ ಅಮಾನತು ಮಾಡಿದರು.

ಸತ್ತ ಕೋಶಗಳಲ್ಲಿ ವಿಷ ಸಿಗಲಿಲ್ಲ. ಬೆಚ್ಚನೆಯ ಪೆಟ್ಟಿಗೆಯನ್ನು ರಿಪೇರಿ ಮಾಡಿದ್ದ ಮೆಕ್ಯಾನಿಕ್ ಮೇಲೆ ಇನ್‌ಸ್ಪೆಕ್ಟರಿಗೆ ಅನುಮಾನ ಬಂತು. ಅವನು ಯಂತ್ರ ತೆರೆದು ತೋರಿಸಿದ. ಅದರಲ್ಲಿ ದಾಖಲಾಗಿದ್ದ ಉಷ್ಣಾಂಶದ ಗೆರೆ ನೆಟ್ಟಗಿತ್ತು, ಎಲ್ಲೂ ಏರಿಲ್ಲ, ಇಳಿದಿಲ್ಲ.

ಮೇಲಧಿಕಾರಿಯ ಫೋನ್ ಬಂತು. "ಆ ಹುಡುಗೀನೇ ಹಿಡಿದು ಕೇಸು ಮುಗಿಸಮ್ಮ."

"ಸಾಕ್ಷಿ ಇಲ್ಲದೆ ನನ್ನ ಕೈಲಿ ಮುಗಿಯಲ್ಲ ಸಾರ್," ಎಂದು ಇನ್‌ಸ್ಪೆಕ್ಟರ್ ಫೋನ್ ಇಟ್ಟಳು. ನೇರ ಅಕ್ಕನ ಮನೆಗೆ ಹೋದಳು.

* * *

ಅಕ್ಕ ಶಾಲಾ ಶಿಕ್ಷಕಿ. ಬೆರಳಿಗೆ ರಬ್ಬರ್ ಬ್ಯಾಂಡಿನಿಂದ ಪೆನ್ನು ಕಟ್ಟಿಕೊಂಡು, ಗಾಲಿಕುರ್ಚಿಯಲ್ಲಿ ಮಕ್ಕಳ ಉತ್ತರಗಳನ್ನು ತಿದ್ದುತ್ತಿದ್ದಳು.

"ಕೂತ್ಕೊಳ್ಳಿ ಮೇಡಂ. ನಾನಂತೂ ಆಗಲೇ ಕೂತಾಗಿದೆ."

ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. "ಚಿಕ್ಕಂದಿನಿಂದ ಹೀಗೇನಾ?"

"ಇಲ್ಲ, ನಿಧಾನಕ್ಕೆ ಸೋಲ್ತಿದ್ದೆ. ಆದ್ರೂ ನಡೀತಿದ್ದೆ. ಆಮೇಲೆ ಮನೆಗೆಲ್ಲ ಜ್ವರ ಬಂತು. ಯಜಮಾನರಿಗೆ, ಅತ್ತೆಗೆ, ನನಗೆ. ಒಂದೇ ಜ್ವರ. ಯಜಮಾನರು ಎದ್ದು ಆಫೀಸಿಗೆ ಹೋದ್ರು. ಅತ್ತೆ ಎದ್ದು ಬೈಯೋಕೆ ಶುರು ಮಾಡಿದ್ರು. ನಾನು ಮಾತ್ರ ಏಳಲಿಲ್ಲ."

"ಒಂದೇ ಜ್ವರ," ಎಂದು ಇನ್‌ಸ್ಪೆಕ್ಟರ್ ತನ್ನಷ್ಟಕ್ಕೇ ಹೇಳಿಕೊಂಡಳು. ಅಲ್ಲಿಂದಲೇ ಸಂಶೋಧಕಿಗೆ ಫೋನ್ ಮಾಡಿದಳು.

"ತಟ್ಟೆಗಳಿಗೆಲ್ಲ ಕಾವು ತಗುಲಿದ್ರೆ ಏನಾಗುತ್ತೆ?"

"ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತೆ. ಆರೋಗ್ಯವಂತ ಕೋಶ ಚಾಪೆರೋನ್ ಹೆಚ್ಚು ಮಾಡ್ಕೊಂಡು ಬದುಕುತ್ತೆ. ಅಕ್ಕಂದು..." ಅವಳ ಮಾತು ನಿಂತಿತು. "ಅಯ್ಯೋ! ಪೆಟ್ಟಿಗೆಯ ಉಷ್ಣಾಂಶ ಸರಿಯಿತ್ತು ಅಂತ ಆ ಕಡೆ ಯೋಚನೆಯೇ ಹೋಗಲಿಲ್ಲ."

* * *

ಲ್ಯಾಬಿನ ಇನ್ನೊಂದು ಮೂಲೆಯಲ್ಲಿ ಗಾಜಿನ ಪಾತ್ರೆ ಒಣಗಿಸುವ ಓವನ್ ಇತ್ತು. ಇನ್‌ಸ್ಪೆಕ್ಟರ್ ಮಂಡಿಯೂರಿ ಒಳಗೆ ಟಾರ್ಚ್ ಬಿಟ್ಟಳು. ತಳದಲ್ಲಿ ಒಣಗಿದ ಗುಲಾಬಿ ಕಲೆ. ಕೋಶಗಳನ್ನು ಬೆಳೆಸುವ ದ್ರವದ ಬಣ್ಣ ಅದೇ.

ಯಾರೋ ತಟ್ಟೆಗಳನ್ನೆಲ್ಲ ಇಲ್ಲಿ ಕಾಯಿಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟಿದ್ದರು. ಯಾರು? ಲ್ಯಾಬಿನ ಕೀಲಿ ಎಲ್ಲರ ಬಳಿಯೂ ಇತ್ತು.

ಮಾರನೆಯ ದಿನ ಊಟಕ್ಕೆ ಮುಂಚೆ ಎಲ್ಲರನ್ನೂ ಸೇರಿಸಿದಳು. "ಬದುಕಿರೋ ತಟ್ಟೆಗಳನ್ನ ನಾಳೆ ಬೇರೆ ಲ್ಯಾಬಿಗೆ ಕಳಿಸ್ತೀನಿ. ಅವುಗಳಲ್ಲಿ ಚಾಪೆರೋನ್ ಎಷ್ಟಿದೆ ಅಂತ ಅಳೀತಾರೆ."

ಅಷ್ಟೇ ಹೇಳಿ ಹೊರಟಂತೆ ಮಾಡಿ, ಹಿಮಪೆಟ್ಟಿಗೆಯ ಕೋಣೆಯ ಕಪಾಟಿನ ಹಿಂದೆ ನಿಂತಳು.

ಬಾಗಿಲು ಸರಿಯಿತು. ಪ್ರೊಫೆಸರ್ ಬಂದರು. ಮೊಹರು ಕಿತ್ತರು. 'ಬದುಕಿದವು' ಎಂಬ ಚೀಟಿಯಿದ್ದ ತಟ್ಟೆಗಳನ್ನು ಹೆಕ್ಕಿ ತೊಟ್ಟಿಯಲ್ಲಿಟ್ಟು ಬ್ಲೀಚ್ ಸುರಿಯತೊಡಗಿದರು.

"ಊಟ ಆಯ್ತಾ ಪ್ರೊಫೆಸರ್?"

ಬಾಟಲಿ ಕೈ ಜಾರಿತು. "ಹಳೇ ತಟ್ಟೆ... ಕ್ಲೀನ್ ಮಾಡ್ತಿದ್ದೆ."

"ಸತ್ತವು ಅಲ್ಲೇ ಇವೆಯಲ್ಲ. ಬದುಕಿದ್ದವನ್ನೇ ಯಾಕೆ ಹೆಕ್ಕಿದ್ರಿ?"

ಪ್ರೊಫೆಸರ್ ಬಾಗಿಲ ಕಡೆ ಹೆಜ್ಜೆ ಹಾಕಿದರು.

"ನೀವು ಹಾಳು ಮಾಡಿದ್ದು ಬೇರೆ ತಟ್ಟೆ. ಅಸಲಿಯವು ಬೆಳಿಗ್ಗೆಯೇ ಹೋಗಿವೆ."

ಎಲ್ಲರ ಮುಂದೆ ಇನ್‌ಸ್ಪೆಕ್ಟರ್ ವಿವರಿಸಿದಳು. "ಇವರಿಗೆ ಗುರುತು ಬೇಕಿರಲಿಲ್ಲ. ಎಲ್ಲ ತಟ್ಟೆಗೂ ಒಂದೇ ಕಾವು ಕೊಟ್ರು. ಯಾವುದು ಸಾಯಬೇಕು ಅಂತ ಆ ಕಾವೇ ಆರಿಸ್ತು. ಗುರುತು ಗೊತ್ತಿದ್ದವಳ ತಲೆಗೆ ತಪ್ಪು ಕಟ್ಟಿದ್ರು. ಆದ್ರೆ ಬದುಕಿದ ಕೋಶಗಳಲ್ಲಿ ಚಾಪೆರೋನ್ ಏರಿರುತ್ತೆ, ಅದೇ ಕಾವಿನ ಸಾಕ್ಷಿ. ಕಾವು ಕೊಟ್ಟವರಿಗೆ ಮಾತ್ರ ಅದರ ಭಯ."

ಪ್ರೊಫೆಸರ್ ಲ್ಯಾಬಿನ ಕೀಲಿಯನ್ನು ಮೇಜಿನ ಮೇಲಿಟ್ಟರು. "ಮಾತ್ರೆ ಗೆದ್ದಿದೆ ಅಂತ ಊರಿಗೆಲ್ಲ ಸಾರಿಬಿಟ್ಟಿದ್ದೆ. ಪರೀಕ್ಷೆ ಮುಗಿದು ಅದು ಸುಳ್ಳು ಅಂತ ಗೊತ್ತಾಗಿದ್ರೆ ಮುಖ ಎಲ್ಲಿಡ್ತಿದ್ದೆ?"

ಹೊರಗಿನ ಲ್ಯಾಬಿನ ವರದಿ ಬಂತು. ಇನ್‌ಸ್ಪೆಕ್ಟರ್ ಹೇಳಿದಂತೆಯೇ ಬದುಕಿದ ಕೋಶಗಳಲ್ಲಿ ಚಾಪೆರೋನ್ ತುಂಬಿ ತುಳುಕುತ್ತಿತ್ತು.

* * *

ಸಂಶೋಧಕಿ ಕೆಲಸಕ್ಕೆ ಮರಳಿದ ದಿನ ಅಕ್ಕನ ಗಾಲಿಕುರ್ಚಿ ಸಂಸ್ಥೆಯ ಮುಂಬಾಗಿಲಿಗೇ ಬಂತು.

"ಹೊಸ ಕೋಶ ಬೇಕಲ್ವೇನೇ? ರವಿಕೆ ತೋಳು ನೀನೇ ಮೇಲೆತ್ತಬೇಕು, ನನ್ನ ಕೈಲಾಗಲ್ಲ."

ತಂಗಿ ತೋಳು ಮಡಚುತ್ತಿದ್ದಾಗ ನಿರ್ದೇಶಕರು ಹತ್ತಿರ ಬಂದು ಪಿಸುಗುಟ್ಟಿದರು. "ಆದದ್ದು ಆಯ್ತಮ್ಮ. ಸಂಸ್ಥೆಯ ಹೆಸರಿನ ಪ್ರಶ್ನೆ. ಸದ್ದಿಲ್ಲದೆ ಮುಗಿಸೋಣ."

"ಕಾಲು ಸೋತಿದೆ ಸರ್," ಎಂದಳು ಅಕ್ಕ. "ಗಂಟಲು ಗಟ್ಟಿಯಾಗೇ ಇದೆ."

ಗೇಟಿನಾಚೆ ಪತ್ರಕರ್ತರು ಗುಂಪುಗೂಡಿದ್ದರು. ಅವರನ್ನು ಕರೆಸಿದ್ದವಳು ಅಕ್ಕನೇ.