ಬಲಗಡೆಯ ಕಹಳೆ

"ಮುಟ್ಬೇಡಿ ಅದನ್ನ!"

ತೊವಾಕೊ ಕಾಫಿ ಸೋಸುವುದನ್ನು ಅರ್ಧಕ್ಕೇ ಬಿಟ್ಟು ಓಡಿಬಂದಳು. ಸ್ಪೀಕರಿನ ಹಿಂದೆ ಮಂಡಿಯೂರಿದ್ದ ಅಪರಿಚಿತ ತಲೆಯೆತ್ತಿದ. ಮುಖದಲ್ಲಿ ಹೆದರಿಕೆಯಿಲ್ಲ, ಸಂಕೋಚವಿಲ್ಲ. ಎಂಥಾ ಧಿಮಾಕು!

"ಕೆಟ್ಟಿರೋದು ಎಡಗಡೆದು. ನಿಮಗೆ ಎಡ ಬಲ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಎರಡನ್ನೂ ಬಿಚ್ಚಬೇಕು. ನಾನು ಕುರಾತಾ ಇಸಾಮು, ಸೆಂದಾಯಿ ಊರಿಂದ ರಿಪೇರಿಗೆ ಬಂದೆ. ಕರೆಸಿದ್ದು ನೀವೇ ಅಲ್ವಾ?"

ಹೌದು, ಫೋನ್ ಮಾಡಿ ಕರೆಸಿದ್ದು ಅವಳೇ. ಹಾಗಂತ ಒಂದು ನಮಸ್ಕಾರವೂ ಇಲ್ಲದೆ ಕೈ ಹಾಕುವುದೇ?

ಹಾಚಿನೊಹೆಯ ಬಂದರಿನ ಹಿಂದಿನ ಬೀದಿಯಲ್ಲಿದ್ದ ಆ ಜಾಝ್ ಕಾಫಿ ಅಂಗಡಿಯನ್ನು ಕಟ್ಟಿದವಳು ತೊವಾಕೊಳ ಸೋದರತ್ತೆ. ಅತ್ತೆ ತೀರಿಹೋದ ಮೇಲೆ ಅಂಗಡಿ ಇವಳದಾಯಿತು. ಆಳೆತ್ತರದ ಎರಡು ಹಳೆಯ ಸ್ಪೀಕರುಗಳು, ಅವುಗಳ ನೆತ್ತಿಯ ಮೇಲೆ ಕಹಳೆಗಳು, ಕಹಳೆಯ ಬುಡಕ್ಕೆ ತಿರುಪಿದ, ದನಿ ಹುಟ್ಟಿಸುವ ಡ್ರೈವರು ಎಂಬ ಭಾರದ ಭಾಗ, ಅದರೊಳಗೆ ಅಂಗೈಯಗಲದ ಅಲ್ಯೂಮಿನಿಯಂ ಪೊರೆ. ಡಯಾಫ್ರಮ್ ಎನ್ನುವ ಆ ತೆಳ್ಳನೆಯ ಗುಮ್ಮಟ ನಡುಗಿದರೇನೇ ಹಾಡು.

ಅತ್ತೆಯದೆಂದು ಉಳಿದಿದ್ದು ಆ ದನಿಯೊಂದೇ... ಅದೂ ಎಡಗಡೆ ಸತ್ತುಹೋಗಿತ್ತು.

ಇಸಾಮು ಎಡಗಡೆಯ ಡ್ರೈವರು ಬಿಚ್ಚಿ, ಹರಿದ ಪೊರೆಯನ್ನು ಅವಳ ಅಂಗೈಗೆ ಹಾಕಿದ. ಆಮೇಲೆ ಒಂದು ಡಬ್ಬಿ ತೆರೆದ. ಒಳಗೆ ಹೊಸ ಅಲ್ಯೂಮಿನಿಯಂ ಪೊರೆಗಳ ಜೋಡಿ.

"ಅಸಲಿ ಕಂಪನಿಯದಾ?" ಎಂದು ಮುಂದಿನ ಕುರ್ಚಿಯಿಂದ ಕೇಳಿದವನು ಒಕಿಮುರಾ. ಮೀನಿನ ದೊಡ್ಡ ಸಗಟು ವ್ಯಾಪಾರಿ. ದಿನಾ ಅದೇ ಕುರ್ಚಿ, ಅದೇ ಕೆಮ್ಮು. ಪೆಟ್ಟಿಗೆಯ ಮೇಲಿನ ಹೆಸರು ಓದಿದ ಮೇಲೇ ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಮಹಾನುಭಾವ!

"ಅಲ್ಲ. ಒಂದು ಸಣ್ಣ ಕಾರ್ಖಾನೆಯಲ್ಲಿ ಒತ್ತಿಸಿದ್ದು."

"ನಕಲಿ ಅನ್ನಿ!" ಒಕಿಮುರಾ ಹಲ್ಲು ಕಿರಿದ.

ಇಸಾಮು ಅವನತ್ತ ತಿರುಗಿಯೂ ನೋಡಲಿಲ್ಲ. "ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು ಹಾಕಿದ್ರೆ ಹಾಡೋಳ ಬಾಯಿ ಸೊಟ್ಟಗಾಗುತ್ತೆ. ಜೋಡಿಯಾಗೇ ಬದಲಿಸಬೇಕು. ಬಲಗಡೆದರ ದನೀನೂ ಒಡೀತಿದೆ, ನಂಗೆ ಕೇಳಿಸ್ತಿದೆ."

"ನಮಗ್ಯಾರಿಗೂ ಕೇಳಿಸ್ತಿಲ್ವಲ್ಲ!" ಎಂದಳು ತೊವಾಕೊ. "ಸರಿ... ಬಿಚ್ಚಿದ ಹಳೇದು?"

"ಅಳತೆಗೆ ಬೇಕು. ನಾನು ತಗೊಂಡು ಹೋಗ್ತೀನಿ."

ಓಹೋ... ಹೀಗೋ ವಿಷಯ!

ಅತ್ತೆ ಸತ್ತ ವರ್ಷವೇ ಒಬ್ಬ ವ್ಯಾಪಾರಿ, ಆಂಪ್ಲಿಫೈಯರನ್ನು ಶುಚಿ ಮಾಡಿಕೊಡುತ್ತೇನೆಂದು ಬಂದು ಒಳಗಿದ್ದ ಬೆಲೆಬಾಳುವ ಹಳೆಯ ಗಾಜಿನ ವಾಲ್ವುಗಳನ್ನೇ ಎತ್ತಿಕೊಂಡು ಹೋಗಿದ್ದ. ಹಳೆಯ ಅಸಲಿ ಪೊರೆಗಾಗಿ ಬಾಯಿಬಿಡುವವರು ಊರೂರಿಗೂ ಇದ್ದಾರೆ.

"ಅಸಲಿ ಎತ್ಕೊಂಡು ನಕಲಿ ಅಂಟಿಸಿ ಹೋಗೋಕೆ ಅಷ್ಟು ದೂರದಿಂದ ಬಂದ್ರಾ? ಕಳ್ಳತನಕ್ಕೂ ಸ್ವಲ್ಪ ನಾಚಿಕೆ ಬೇಕು ಕುರಾತಾ ಅವರೇ!"

ಇಸಾಮುವಿನ ಮುಖ ಬಿಳಿಚಿತು. ಅವನು ಡಬ್ಬಿ ಮುಚ್ಚಿದ.

"ಗೋಡೆಗೂ ಕಿವಿ ಇರುತ್ತೆ ಅಂತಾರೆ. ನಿಮ್ಮಂಗಡೀಲಿ ಗೋಡೆಗೆ ಮಾತ್ರ ಇದೆ ಅನ್ಸುತ್ತೆ."

ಬಾಗಿಲು ದಡಾರನೆ ಮುಚ್ಚಿತು. ಪೀಡೆ ತೊಲಗಿತು ಎಂದುಕೊಂಡಳು ತೊವಾಕೊ. ಆದರೆ ಎದೆಯೊಳಗೆ ಏನೋ ಚುಚ್ಚುತ್ತಲೇ ಇತ್ತು... ಯಾಕೆ?

ಮರುವಾರ ಒಕಿಮುರಾ ದೊಡ್ಡ ಹೆಸರಿನ ಟೈಟಾನಿಯಂ ಪೊರೆಯೊಂದನ್ನು ತಂದು ಎಡಗಡೆಗೆ ಹಾಕಿಸಿದ. "ನನ್ನ ಉಡುಗೊರೆ!" ಎಂದು ಅಂಗಡಿಗೆಲ್ಲ ಸಾರಿದ. ಕಂಚಿನ ತಾಳಗಳು ಸೂಜಿಯಂತೆ ಮಿನುಗಿದವು. ಅತ್ತೆಗೆ ಪ್ರಾಣವಾಗಿದ್ದ ಗಾಯಕಿಯ 'ಸ'ಕಾರಗಳೆಲ್ಲ ಹಾವಿನಂತೆ ಬುಸುಗುಟ್ಟಿದವು. ಹಾಡು ಎಡಕ್ಕೇ ವಾಲಿತು.

"ಆಹಾ, ಏನು ಸ್ಪಷ್ಟ!" ಗಿರಾಕಿಗಳು ತಲೆದೂಗಿದರು. ದುಡ್ಡಿರುವವನು ಕೊಟ್ಟದ್ದಲ್ಲವೇ, ಸ್ಪಷ್ಟವಾಗಿಯೇ ಇರಬೇಕು!

ತೊವಾಕೊಗೆ ಮಾತ್ರ ಆ ಮಾತು ನೆನಪಾಯಿತು. *ಹಾಡೋಳ ಬಾಯಿ ಸೊಟ್ಟಗಾಗುತ್ತೆ.* ಛೀ, ಅವನ ಮಾತು ಯಾಕೆ ನೆನಪಾಗಬೇಕು!

ಒಂದು ಭಾನುವಾರ ಮಧ್ಯಾಹ್ನ ತುತ್ತೂರಿ ಮೇಲೇರುತ್ತಿದ್ದಂತೆ ಬಲಗಡೆಯೂ ಗೊರಗುಟ್ಟಿತು. ಅವಳೇ ಏಣಿ ಹತ್ತಿ ಡ್ರೈವರು ಇಳಿಸಿ ಬಿಚ್ಚಿದಳು. ಪೊರೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಒಂದು ತುದಿ ಕಪ್ಪಾಗಿತ್ತು. ಇಂದಿನದಲ್ಲ, ತುಂಬಾ ಹಳೆಯದು.

ಅವನಿಗೆ ನಿಜವಾಗಿಯೂ ಕೇಳಿಸಿತ್ತು. ಯಾರೂ ಕೊಳ್ಳದ ಈ ಒಡಕು ಪೊರೆಗಾಗಿ... ಅವನನ್ನು ಕಳ್ಳನೆಂದಳಲ್ಲ!

ಮಾರನೆಯ ಬೆಳಿಗ್ಗೆ ಅವಳು ಎರಡು ಡ್ರೈವರುಗಳನ್ನೂ ಚೀಲಕ್ಕೆ ತುಂಬಿ, ಹೆಗಲು ಕಿತ್ತು ಬರುತ್ತಿದ್ದರೂ ರೈಲು ಹತ್ತಿದಳು.

ಸೆಂದಾಯಿಯ ಅಂಗಡಿಯಲ್ಲಿ ಇಸಾಮು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಪೊಲೀಸರನ್ನ ಕರ್ಕೊಂಡು ಬರಲಿಲ್ವಾ?"

"ತಪ್ಪಾಯ್ತು," ಎಂದಳು. ಆ ಒಂದು ಮಾತು ಹೊಂದಿಸಿಕೊಳ್ಳಲು ರೈಲು ದಾರಿಯೆಲ್ಲ ಸಾಲದಾಗಿತ್ತು. "ಬಲಗಡೆದು ಬಿರುಕು ಬಿಟ್ಟಿತ್ತು. ನೀವು ಹೇಳಿದ್ದು ಸರಿ."

"ಗೊತ್ತು." ಅವನು ಎಡಗಡೆಯದನ್ನು ಬಿಚ್ಚಿ ಮೂಗು ಮುರಿದ. "ಇದ್ಯಾರ ಘನಕಾರ್ಯ? ನಿಮ್ಮ ಡ್ರೈವರಿನ ವಿದ್ಯುತ್ ರೋಧ ಹದಿನಾರು ಓಮು. ಇಲ್ಲಿ ಎಂಟು ಓಮಿನ ಪೊರೆ ತುರುಕಿದ್ದಾರೆ. ಎತ್ತಿನ ಜೋಡಿಗೆ ಕುದುರೆ ಕಟ್ಟಿದ ಹಾಗೆ!"

"ನಗಬೇಡಿ."

"ನಗ್ತಿಲ್ಲ. ಕೂತ್ಕೊಳ್ಳಿ, ಕಣ್ಣು ಮುಚ್ಚಿ. ಯಾವುದು ಬೇಕು ಅಂತ ನೀವೇ ಹೇಳಿ. ಹೆಸರು ನಾನು ಹೇಳಲ್ಲ."

ಒಂದು ಜೋಡಿ ಪೊರೆ ಹಾಕಿ, ಅವಳು ಕೇಳಿದ ಅತ್ತೆಯ ಮೆಚ್ಚಿನ ಗಾಯಕಿಯ ಹಾಡನ್ನು ನುಡಿಸಿದ. ದನಿ ಹೊಳೆಯಿತು, ಚುಚ್ಚಿತು. ಇನ್ನೊಂದು ಜೋಡಿ ಹಾಕಿದ. ದನಿ ಗಟ್ಟಿಯಾಗಿತ್ತು, ಆದರೆ ಕಂಬಳಿ ಹೊದ್ದಂತೆ ಮಂಕು. ಮೂರನೆಯದರಲ್ಲಿ... ಗಾಯಕಿ ಸಾಲಿನ ನಡುವೆ ಮೆಲ್ಲನೆ ಉಸಿರೆಳೆದುಕೊಂಡಳು. ಅಷ್ಟೇ. ತೊವಾಕೊಳ ಮುಚ್ಚಿದ ರೆಪ್ಪೆಯಡಿಯಿಂದ ನೀರು ಜಾರಿತು.

"ಇದೇ..."

"ಇದು ಅದೇ ನಕಲಿ," ಎಂದ ಇಸಾಮು. ಈ ಸಲ ಅವನ ದನಿಯಲ್ಲಿ ಮೊನಚಿರಲಿಲ್ಲ.

ಅವನೇ ಹಾಚಿನೊಹೆಗೆ ಬಂದು ಜೋಡಿಯನ್ನು ಕೂರಿಸಿ ಹಾಡು ಹಚ್ಚಿದ. ಒಕಿಮುರಾ ಬುಸುಗುಡುತ್ತಾ ಎದ್ದ.

"ನನ್ನ ಉಡುಗೊರೆ ಕಿತ್ತು ಈ ತಗಡು ಹಾಕ್ಸಿದ್ಯಾ? ನಾನು ಬರೋದು ನಿಲ್ಲಿಸಿದ್ರೆ ನನ್ನ ಜೊತೆಯವರೂ ಬರಲ್ಲ, ನೆನಪಿರಲಿ!"

ಅಂಗಡಿಯ ಅರ್ಧ ಗಿರಾಕಿಗಳು ಅವನ ಬಾಲಗಳೇ. ಆದರೂ ತೊವಾಕೊ ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಹಾಡು ನಡೀತಿರುವಾಗ ಇಲ್ಲಿ ಮಾತಾಡೋ ಹಾಗಿಲ್ಲ ಒಕಿಮುರಾ ಅವರೇ. ನಿಮ್ಮ ಟೈಟಾನಿಯಂ ಕೌಂಟರ್ ಮೇಲಿದೆ. ಹೋಗುವಾಗ ತಗೊಳ್ಳಿ."

ಅವನು ಹೋದ. ಹಿಂದೆಯೇ ನಾಲ್ಕು ಕುರ್ಚಿಗಳು ಖಾಲಿಯಾದವು. ಹಾಡು ಮುಗಿಯುವವರೆಗೂ ಅವಳು ಕೌಂಟರಿನ ಹಿಂದೆ ಒಂದೇ ಕಪ್ಪನ್ನು ಒರೆಸುತ್ತಿದ್ದಳು. ಇಸಾಮು ಅವಳನ್ನೇ ನೋಡುತ್ತಿದ್ದ.

"ಒಂದು ವಿಷಯ ಹೇಳ್ಲಾ?" ಎಂದ. "ನಾನು ರಿಪೇರಿಗೆ ಯಾರ ಮನೆಗೂ ಹೋಗಲ್ಲ. ಡ್ರೈವರ್ ಕಳಿಸಿ ಅಂತೀನಿ."

"ಮತ್ತೆ ಇಲ್ಲಿಗೆ ಯಾಕೆ ಬಂದ್ರಿ?"

"ಫೋನಲ್ಲಿ ನಿಮ್ಮ ದನಿ ಕೇಳಿದೆ. ಇಷ್ಟು ತಾತ್ಸಾರ ತುಂಬಿದ ದನಿ, ಆದರೂ ಎಲ್ಲೂ ಒಡಕಿಲ್ಲ... ಯಾರದಪ್ಪಾ ನೋಡೋಣ ಅಂತ ಬಂದೆ."

ತೊವಾಕೊಳ ಕೆನ್ನೆ ಬಿಸಿಯಾಯಿತು. "ನೋಡಿದ ಮೇಲೆ?"

"ಬೈಸಿಕೊಂಡೆ. ಆಮೇಲೆ ಬೇರೆ ಯಾವ ದನಿಯೂ ಸರಿ ಕೇಳಿಸ್ಲಿಲ್ಲ."

ಅವಳು ಕೌಂಟರಿನಿಂದ ಈಚೆ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಅಂಗಡಿಯಲ್ಲಿ ಅವಳು ಹಾಗೆ ಗಿರಾಕಿಯ ಪಕ್ಕ ಕೂತದ್ದೇ ಇಲ್ಲ.

"ಇಸಾಮು..."

"ಏನು?"

"ಇವತ್ತು ಹೋಗ್ಬೇಡ."

"ಬೈತೀಯಾ?"

"ದಿನಾ!"

"ಹಾಗಾದ್ರೆ ಇರ್ತೀನಿ," ಎಂದು ಅವನು ಅವಳ ಕೈ ಹಿಡಿದ.