ಮುಂಗಾಣಿಯ ಅತಿಥಿಗಳು

ಬೆಳಗಿನ ಹೊತ್ತು ಯಂತ್ರವು ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು ಮಾಡಿ, ತನ್ನ ಗಾಜಿನ ಬಾಗಿಲನ್ನು ತಾನೇ ತೆರೆಯಿತು. ಬೆಂದ ಹಿಟ್ಟಿನ ವಾಸನೆ ಅಡುಗೆಮನೆ ತುಂಬಿ ಪಡಸಾಲೆಯವರೆಗೂ ಹರಡಿತು. ಒಳಗಿನ ತಟ್ಟೆಯ ಮೇಲೆ ಅಂಗೈಯಗಲದ ಒಂಬತ್ತು ಬ್ರೆಡ್ಡುಗಳು ಕೆಂಪಗೆ ಉಬ್ಬಿ ಕುಳಿತಿದ್ದವು. ಮನೆಯಲ್ಲಿದ್ದವರು ಇಬ್ಬರು.

“ನಿನ್ನೆ ಎಂಟ ಇದ್ವು,” ಎಂದರು ಸ್ಫೂರ್ತವ್ವ. “ಇವತ್ತ ಇದೊಂದು ಯಾರ ಹೆಸರಲೇ ಹುಟ್ಟಿತೋ ಏನೋ!”

ಹೆಸರು ಕೇಳಿ ಓದುಗರು ನಗಬಾರದು. ಒಂದು ಕಾಲಕ್ಕೆ ಅಜ್ಜಿಯರೆಂದರೆ ನೀಲವ್ವ, ಗಂಗವ್ವ ಎಂದಿರುತ್ತಿದ್ದರು. ಈ ಕಥೆ ನಡೆಯುವ ಹೊತ್ತಿಗೆ, ಶಾಲೆಯಲ್ಲಿ ಐಶ್ವರ್ಯಾ, ಸ್ಫೂರ್ತಿ, ಸಹನಾ ಎಂದು ಕರೆಸಿಕೊಂಡ ಹುಡುಗಿಯರಿಗೆಲ್ಲ ಮಂಡಿನೋವು ಶುರುವಾಗಿತ್ತು. ಹಾಗೆ ಧಾರವಾಡದ ಸಪ್ತಾಪುರದಲ್ಲಿ ಸ್ಫೂರ್ತಿ ಎಂಬವರು ಸ್ಫೂರ್ತವ್ವ ಆದರು. ಅವರ ಗಂಡ, ಚಿತ್ರಕಲಾ ಮೇಷ್ಟ್ರಾಗಿ ನಿವೃತ್ತರಾದ ಚೇತನ್, ಚೇತನಪ್ಪ ಆದರು. ಕಾಲ ಎಷ್ಟೇ ಮುಂದಕ್ಕೆ ಓಡಲಿ, ಅದರ ಬಾಲಕ್ಕೆ ಒಂದು ಅವ್ವ, ಒಂದು ಅಪ್ಪ ಕಟ್ಟದೆ ಆ ಊರಿನವರು ಬಿಡುವವರಲ್ಲ.

ಯಂತ್ರದ ಹೆಸರು ಮುಂಗಾಣಿ. ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರಗಳು ಹಿಂದೆಯೂ ಇದ್ದವು. ಹಿಟ್ಟು, ನೀರು, ಉಪ್ಪು, ಈಸ್ಟ್ ಸುರಿದು ಗುಂಡಿ ಒತ್ತಿದರೆ ಅವು ತಾವೇ ನಾದಿ, ಉಬ್ಬಿಸಿ, ಬೇಯಿಸಿ ಕೊಡುತ್ತಿದ್ದವು. ಅವುಗಳ ತೊಡಕು ಒಂದೇ. ರೊಟ್ಟಿಯಾದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿದ ಮೇಲೂ ಇನ್ನೆರಡು ಬಡಿಯಬಹುದು. ಬ್ರೆಡ್ಡು ಹಾಗಲ್ಲ. ಅದರ ಹಿಟ್ಟು ಹುದುಗಬೇಕು, ಉಬ್ಬಬೇಕು, ಕುಗ್ಗಿಸಿದ ಮೇಲೆ ಮತ್ತೊಮ್ಮೆ ಉಬ್ಬಬೇಕು. ಬಂದ ನೆಂಟರನ್ನು ತಾಸುಗಟ್ಟಲೆ ಕೂರಿಸಿ ‘ಇನ್ನೇನು ಉಬ್ಬಿತು’ ಎನ್ನುತ್ತಿದ್ದರೆ ಅವರ ಮುಖವೂ ಉಬ್ಬುತ್ತದೆ. ಆದ್ದರಿಂದ ನಾಳೆ ತಿನ್ನುವವರು ಯಾರೆಂಬುದು ಬ್ರೆಡ್ ಯಂತ್ರಕ್ಕೆ ಇಂದೇ ಗೊತ್ತಿರಬೇಕು.

ಮುಂಗಾಣಿಗೆ ಅದು ಗೊತ್ತಾಗುತ್ತಿತ್ತು. ಅದರ ಮುಂಬದಿಯ ‘ಮಾತುಜರಡಿ’ ಎಂಬ ಭಾಗವು ಮನೆಯ ಮಾತನ್ನೆಲ್ಲ ಆಲಿಸಿ, ಯಾರು ಬರುತ್ತಾರೆ, ಅವರ ನಾಲಿಗೆಗೆ ಏನು ಹಿಡಿಸುತ್ತದೆ ಎಂಬೆರಡನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ತೌಡಿನಂತೆ ಹೊರಗೆ ಚೆಲ್ಲುತ್ತಿತ್ತು. ಒಳಗಿದ್ದ ‘ಆಗಮನ ಗಣಕ’ವು ಅದರ ಮೇಲೆ ಲೆಕ್ಕ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಬ್ರೆಡ್ಡನ್ನು ಅವರವರ ರುಚಿಗೆ ತಕ್ಕಂತೆ ಬೇಯಿಸುತ್ತಿತ್ತು. ಮಾರುಕಟ್ಟೆಗೆ ಬಿಡುವ ಮುನ್ನ ಪರೀಕ್ಷೆಗೆಂದು ಕೆಲವು ಮನೆಗಳಲ್ಲಿ ಅದನ್ನು ಇರಿಸಿದ್ದರು. ಚೇತನಪ್ಪನವರ ಮನೆ ಅವುಗಳಲ್ಲಿ ಒಂದು.

ಎರಡು ತಿಂಗಳಿನಿಂದ ಅಲ್ಲಿ ಬ್ರೆಡ್ಡುಗಳು ಹೆಚ್ಚುತ್ತಲೇ ಇದ್ದವು. ಒಂದು ಉಪ್ಪಿಲ್ಲದ್ದು. ಇನ್ನೊಂದು ಹಲ್ಲಿಲ್ಲದವರಿಗೆ ಮಾಡಿದ ಹಾಗೆ ಮೆತ್ತಗಿನದು. ಮತ್ತೊಂದರಲ್ಲಿ ಸೋಂಪು. ಓಣಿಯ ನಾಯಿ ಇವನ್ನೆಲ್ಲ ತಿಂದು ಓಡುವುದನ್ನೇ ಮರೆತಿತ್ತು. ನಾಯಿಗೂ ಸಿಗದಿದ್ದದ್ದು ಒಂದೇ, ಹುಚ್ಚೆಳ್ಳು ಎಂದೂ ಕರೆಯುವ ಗುರೆಳ್ಳನ್ನು ಬೆಳ್ಳುಳ್ಳಿಯೊಡನೆ ಹಾಕಿದ ಬ್ರೆಡ್ಡು. ಅದನ್ನು ಸ್ಫೂರ್ತವ್ವ ದಿನವೂ ತಟ್ಟೆಯ ಮೂಲೆಗೆ ಸರಿಸಿ, ಆಮೇಲೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಗಂಡ ಕೈಹಾಕಿದರೆ, “ಅದೊಂದು ಬಿಡ್ರಿ,” ಎನ್ನುತ್ತಿದ್ದರು.

ಅದು ಸಹನಾಳ ರುಚಿ. ಸಹನಾ ಸ್ಫೂರ್ತವ್ವನವರ ಒಬ್ಬಳೇ ತಂಗಿ. ಅಕ್ಕನ ಬಾಯಲ್ಲಿ ಏಕವಚನ, ಆದ್ದರಿಂದ ಈ ಕಥೆಯಲ್ಲೂ ಏಕವಚನ. ಹೆಸರಿಗೆ ಸಹನಾ, ಮೂಗಿನ ತುದಿಯಲ್ಲಿ ಸಿಟ್ಟು. ಹೊಸಯಲ್ಲಾಪುರದಲ್ಲಿ ಆಕೆಯ ಖಡಕ್ ರೊಟ್ಟಿ ಕೇಂದ್ರವಿತ್ತು. ದಿನವೂ ಮುಂಜಾನೆ ಅಕ್ಕನ ಮನೆಗೆ ರೊಟ್ಟಿ ತಾನೇ ತಂದುಕೊಟ್ಟು, ಚಹಾ ಕುಡಿದು, ಜಗಳಾಡಿ ಹೋಗುವುದು ಆಕೆಯ ಪದ್ಧತಿ. ಮುಂಗಾಣಿ ಬಂದ ಮರುದಿನ ಅದನ್ನು ಕಂಡು, “ಗುರೆಳ್ಳು ಬೆಳ್ಳುಳ್ಳಿ ಇಲ್ಲದ್ದು ಅದ್ಯಾವ ಬ್ರೆಡ್ಡು? ನನ್ನ ರೊಟ್ಟಿ ಬ್ಯಾಡಾದ್ವು ನಿನಗ, ಹೌದಿಲ್ಲೊ?” ಎಂದಳು. “ನಿನ್ನ ರೊಟ್ಟಿ ಇವರಿಗೆ ಹಲ್ಲಿಗೆ ಹತ್ತವಲ್ವು,” ಎಂದು ಅಕ್ಕ ಅಂದುಬಿಟ್ಟರು. ನಿಜವನ್ನೇ ಅಂದರು, ಆದರೆ ನಿಜಕ್ಕೂ ಒಂದು ಹೊತ್ತು ಇರುತ್ತದೆ. ಸಹನಾ ಎದ್ದು ನಡೆದಳು. ಮತ್ತೆ ಬರಲಿಲ್ಲ.

ಹೋಗಿ ಕರೆದು ತಾ ಎಂದು ಚೇತನಪ್ಪ ಹೇಳಿ ಹೇಳಿ ಸಾಕಾಗಿದ್ದರು. ಪ್ರತಿ ಸಲವೂ ಸ್ಫೂರ್ತವ್ವನವರದು ಒಂದೇ ಉತ್ತರ. “ಅಕಿ ‘ಬರ್ತೀನಿ’ ಅಂತ ಸುದ್ದಾ ಅನ್ನದ ಹೋಗ್ಯಾಳ್ರಿ. ಹಂಗ ಹೋದಾಕಿ ಮನೀಗೆ ನಾ ಯಾಕ ಹೋಗ್ಲಿ?” ಹೀಗೆನ್ನುತ್ತಲೇ ಗುರೆಳ್ಳಿನ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅರವತ್ತರ ಹತ್ತಿರ ಬಂದಿದ್ದ ಇಬ್ಬರಿಗೂ ತವರು ಎಂದು ಉಳಿದಿದ್ದದ್ದು ಒಬ್ಬರಿಗೊಬ್ಬರು ಮಾತ್ರ.

ಒಂಬತ್ತನೆಯ ಬ್ರೆಡ್ಡು ಹುಟ್ಟಿದ ದಿನ, ಯಂತ್ರವನ್ನು ಕಂಡುಹಿಡಿದ ಡಾ. ಮಂದಾಕಿನಿಯವರೇ ಮೈಸೂರಿನಿಂದ ಬಂದಿಳಿದರು. ಇನ್ನೊಂದು ವಾರದಲ್ಲಿ ಮುಂಗಾಣಿ ಅಂಗಡಿಗೆ ಹೋಗಬೇಕಿತ್ತು. ಇಬ್ಬರಿಗೆ ಒಂಬತ್ತು ಬೇಯಿಸುವ ಯಂತ್ರವನ್ನು ಕೊಳ್ಳುವವರು ಯಾರು? ಅವರು ಮುಚ್ಚಳ ಬಿಚ್ಚಿ ನೋಡಿದರು, ತಂತಿಗಳನ್ನು ಮುಟ್ಟಿ ನೋಡಿದರು. ಎಲ್ಲವೂ ಸರಿಯಾಗಿತ್ತು.

“ನಿಮ್ಮನೆಗೆ ಜನ ಜಾಸ್ತಿ ಬರ್ತಾರಾ?” ಎಂದು ಕೇಳಿದರು.

“ಬರ್ತಾರ, ಹೋಗ್ತಾರ್ರಿ,” ಎಂದರು ಚೇತನಪ್ಪ. “ನೀರಿನ ಮೀಟರ್ ನೋಡವ್ರು, ಬಾಜೂ ಮನಿ ಅಜ್ಜ. ಯಾರೂ ಬ್ರೆಡ್ ತಿನ್ನಾಕ ಬರೂದಿಲ್ಲ.”

ಮಂದಾಕಿನಿ ಯೋಚಿಸುತ್ತ ಸೋಂಪಿನ ಬ್ರೆಡ್ಡನ್ನು ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಂತಿತು. “ಇದು ನನ್ನದು!” ಎಂದರು. “ಯಂತ್ರ ಇಟ್ಟುಹೋದ ದಿನ, ನಮ್ಮಮ್ಮ ಬ್ರೆಡ್ಡಿಗೆ ಸೋಂಪು ಹಾಕ್ತಿದ್ರು ಅಂತ ನಾನೇ ನಿಮಗೆ ಹೇಳಿದ್ದೆ. ಆದ್ರೆ ನಾನು ತಿರುಗಿ ಬರೋದು ಇದಕ್ಕೆ ಹೇಗೆ ಗೊತ್ತಾಯ್ತು? ನನಗೇ ಗೊತ್ತಿರಲಿಲ್ಲ.”

ಮುಂಗಾಣಿಗೆ ಕೇಳಿದರೆ ಉತ್ತರಿಸುವ ಬಾಯಿಯೂ ಇತ್ತು. ವಿಜ್ಞಾನಿ ಕಾರಣ ಕೇಳಿದರು. ಯಂತ್ರ ಪುಸ್ತಕದ ಕನ್ನಡದಲ್ಲಿ ಹೇಳಿತು: “ತಾವು ಬಾಗಿಲ ಬಳಿ ‘ಬರುತ್ತೇನೆ’ ಎಂದಿರಿ. ನೀರಿನ ಮಾಪಕ ನೋಡುವವರು ‘ಬರುತ್ತೇನೆ’ ಎಂದರು. ಅವರಿಗೆ ಉಪ್ಪು ವರ್ಜ್ಯ. ಪಕ್ಕದ ಮನೆಯ ಹಿರಿಯರು ಪ್ರತಿದಿನವೂ ‘ಬರುತ್ತೇನೆ’ ಎನ್ನುತ್ತಾರೆ, ಅವರಿಗೆ ಹಲ್ಲುಗಳಿಲ್ಲ. ನಿನ್ನೆ ನಲ್ಲಿ ರಿಪೇರಿಯವರು ‘ಬರುತ್ತೇನೆ’ ಎಂದರು. ಮಾತು ಕೊಟ್ಟವರು ನಿನ್ನೆ ಬರಲಿಲ್ಲವಾದ್ದರಿಂದ, ಇಂದು ಬರುವ ಸಂಭವ ಇನ್ನೂ ಹೆಚ್ಚು.”

ಚೇತನಪ್ಪ ನಗತೊಡಗಿದರು. ಮಂದಾಕಿನಿ ಹಣೆ ಹಣೆ ಬಡಿದುಕೊಂಡು ನಕ್ಕರು.

ತಪ್ಪು ಅವರದೇ. ಕನ್ನಡದ ಮನೆಗಳಲ್ಲಿ ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಎನ್ನಬಾರದು, ಅದು ಅಪಶಕುನ. ಹೋಗುವವರು ‘ಬರ್ತೀನಿ’ ಎನ್ನಬೇಕು, ಇರುವವರು ‘ಹೂಂ, ಹೋಗಿ ಬಾ’ ಎನ್ನಬೇಕು. ಮಂದಾಕಿನಿಯವರ ತಂಡ ಮಾತುಜರಡಿಗೆ ಭಾಷೆ ಕಲಿಸಿದ್ದು ಪಠ್ಯಪುಸ್ತಕಗಳಿಂದ, ವಾರ್ತೆಗಳಿಂದ, ಭಾಷಣಗಳಿಂದ. ಅಲ್ಲಿ ಯಾರೂ ಯಾರ ಮನೆಯಿಂದಲೂ ಎದ್ದು ಹೊರಡುವುದಿಲ್ಲ. ತಂಡದಲ್ಲಿದ್ದವರೆಲ್ಲ ಕನ್ನಡಿಗರೇ, ದಿನಕ್ಕೆ ನಾಲ್ಕು ಸಲ ‘ಬರ್ತೀನಿ’ ಎಂದು ಹೊರಟವರೇ. ಉಸಿರಾಟದ ಹಾಗೆ ಆಡುವ ಮಾತನ್ನು ಯಂತ್ರಕ್ಕೆ ಹೇಳಿಕೊಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

“ಇದೇನೂ ದೊಡ್ಡದಲ್ಲ,” ಎಂದರು ಮಂದಾಕಿನಿ ಕಣ್ಣೊರೆಸಿಕೊಂಡು. “ಒಂದು ‘ವಿದಾಯಶೋಧಕ’ ಸೇರಿಸಿಬಿಡ್ತೀನಿ. ಬಾಗಿಲ ಹತ್ತಿರ ‘ಬರ್ತೀನಿ’ ಅಂದ್ರೆ ಅದಕ್ಕೆ ಅರ್ಥವಿಲ್ಲ ಅಂತ ಹೇಳಿದ್ರೆ ಮುಗೀತು.”

ಸ್ಫೂರ್ತವ್ವ ಮಾತ್ರ ನಗಲಿಲ್ಲ. ಅವರು ಗುರೆಳ್ಳಿನ ಬ್ರೆಡ್ಡನ್ನು ಕೈಗೆತ್ತಿಕೊಂಡಿದ್ದರು.

“ಮೇಡಂ, ಇದನ್ನ ಯಾಕ ಮಾಡೇತಿ ಕೇಳ್ರಿ ಅದಕ್ಕ.”

“ಸಹನಾ ಅವರು ‘ಅಕ್ಕಾ, ಬರುತ್ತೇನೆ’ ಎಂದರು,” ಎಂದಿತು ಮುಂಗಾಣಿ. “ಪ್ರೆಶರ್ ಕುಕ್ಕರಿನ ಸದ್ದು ಇದ್ದುದರಿಂದ ಮೊದಲ ಸಲ ಸ್ಪಷ್ಟವಾಗಲಿಲ್ಲ. ಎರಡನೆಯ ಸಲ ಸ್ಪಷ್ಟವಾಯಿತು.”

ಸ್ಫೂರ್ತವ್ವ ಪಕ್ಕದ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಆ ದಿನ ಅವರು ಒಲೆಯ ಕಡೆ ಮುಖ ಮಾಡಿ, ಕಣ್ಣೀರು ಕಾಣದಿರಲೆಂದು ನಿಂತಿದ್ದರು. ಕುಕ್ಕರು ಸೀಟಿ ಹೊಡೆಯುತ್ತಿತ್ತು. ತಿರುಗಿ ನೋಡಿದಾಗ ಹೊಸ್ತಿಲು ಬರಿದಾಗಿತ್ತು.

“ಅದು ಬರೀ ರೂಢಿಮಾತು ಅಮ್ಮಾ,” ಎಂದರು ಮಂದಾಕಿನಿ ಮೆತ್ತಗೆ. “ಅಭ್ಯಾಸಬಲ. ಅದರಲ್ಲಿ ಬರೋ ಉದ್ದೇಶ ಇರಲೇಬೇಕು ಅಂತೇನಿಲ್ಲ.”

“ಇರಲಿ ಬಿಡ್ರಿ. ಅಷ್ಟ ಸಿಟ್ಟಿನ್ಯಾಗೂ ಅಕಿ ‘ಹೋಗ್ತೀನಿ’ ಅನ್ನಲಿಲ್ಲಲ್ಲ!” ಎಂದು ಸ್ಫೂರ್ತವ್ವ ಎದ್ದರು. “ನಾ ಬರೂತನಕ ಅದನ್ನ ಮುಟ್ಟಬ್ಯಾಡ್ರಿ.” ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರು ಹೊರಟೇಬಿಟ್ಟರು.

ಹೊಸಯಲ್ಲಾಪುರದ ರೊಟ್ಟಿ ಕೇಂದ್ರದಲ್ಲಿ ಹೆಂಗಸರು ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅಕ್ಕನನ್ನು ಕಂಡು ಸಹನಾ ಮುಖವೆತ್ತಲಿಲ್ಲ. ಬಡಿಯುವ ಸದ್ದು ಮಾತ್ರ ಜೋರಾಯಿತು.

“ಯಾಕ ಬಂದಿ?”

“ನೀ ಬರಲಿಲ್ಲ. ಅದಕ್ಕ ನಾ ಬಂದೆ.”

“ನಾ ಬರ್ತೀನಂತ ಯಾರ ಹೇಳಿದ್ರು?”

“ನೀನ ಹೇಳಿದ್ದಿ. ಹೊಸ್ತಿಲದಾಗ ನಿಂತು ಅಂದಿಯಂತ. ಕುಕ್ಕರ್ ಸೀಟಿ ಹೊಡಿಯಾಕತ್ತಿತ್ತು ಸಹನಾ, ನನಗ ಕೇಳಿಸಲೇ ಇಲ್ಲ.”

ಸಹನಾಳ ಕೈ ಹಿಟ್ಟಿನ ಮೇಲೇ ನಿಂತಿತು. “ಎರಡ ಸಲ ಅಂದೆ,” ಎಂದಳು. “ನೀ ಹಿಂದ ಹೊಳ್ಳಿ ನೋಡಲಿಲ್ಲ. ‘ಹೂಂ, ಹೋಗಿ ಬಾ’ ಅಂತ ಒಂದ ಮಾತು ಬರಲಿಲ್ಲ ನಿನ್ನ ಬಾಯಾಗಿಂದ. ಇನ್ನ ಈ ಮನಿ ನನಗ ಮುಗೀತು ಅಂತ ತಿಳಕೊಂಡೆ ಯಕ್ಕಾ.”

ಅಕ್ಕನ ಸಿಟ್ಟು ತಂಗಿ ಮಾತಾಡದೆ ಹೋದಳೆಂದು. ತಂಗಿಯ ಸಿಟ್ಟು ಅಕ್ಕ ಮಾತಾಡದೆ ಕಳಿಸಿದರೆಂದು. ನಡುವೆ ಇದ್ದದ್ದು ಒಂದು ಕುಕ್ಕರಿನ ಸೀಟಿ. ಸ್ಫೂರ್ತವ್ವನಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಯಾವುದನ್ನು ತಡೆಯಬೇಕೆಂದು ತಿಳಿಯದೆ ಬಟ್ಟೆಯ ಗಂಟನ್ನು ತಂಗಿಯ ಮುಂದಿಟ್ಟರು.

“ನಿನ್ನ ಮಾತು ನಮ್ಮ ಮುಂಗಾಣಿ ನಂಬಿತ್ತು ನೋಡು. ಎರಡ ತಿಂಗಳ ದಿನಾ ನಿನಗಂತ ಒಂದ ಸುಟ್ಟ ಇಟ್ಟೈತಿ.”

ಸಹನಾ ಹಿಟ್ಟಿನ ಕೈಯಲ್ಲೇ ಒಂದು ಚೂರು ಮುರಿದುಕೊಂಡು ತಿಂದಳು. ಕೇಂದ್ರದ ಹೆಂಗಸರೆಲ್ಲ ರೊಟ್ಟಿ ಬಿಟ್ಟು ಆಕೆಯ ಬಾಯನ್ನೇ ನೋಡಿದರು. ನುಂಗುವಾಗ ಆಕೆಯ ಕಣ್ಣು ತುಂಬಿತು. ನುಂಗಿದ ಮೇಲೆ ಆಕೆ ಮೊದಲಿನ ಸಹನಾ ಆದಳು.

“ಗುರೆಳ್ಳು ಹುರದಿಲ್ಲ ಇದು, ಹಸೀದ ಹಾಕೇತಿ. ಬೆಳ್ಳುಳ್ಳಿ ಹಿಂಗ ಹಾಕ್ತಾರೇನು? ನಡಿ, ಆ ಪೆಟಿಗಿಗೆ ನಾನ ಬುದ್ಧಿ ಹೇಳ್ತೀನಿ.”

ಬುದ್ಧಿ ಹೇಳುವ ಕೆಲಸ ಸಂಜೆಯವರೆಗೂ ನಡೆಯಿತು. ಗುರೆಳ್ಳನ್ನು ಯಾವ ಕಾವಿನಲ್ಲಿ ಹುರಿಯಬೇಕು, ವಾಸನೆ ಎಲ್ಲಿಯವರೆಗೆ ಬಂದಾಗ ಇಳಿಸಬೇಕು ಎಂದೆಲ್ಲ ಸಹನಾ ಗದರುತ್ತ ಹೇಳಿದಳು. ಮಂದಾಕಿನಿ ಅದನ್ನು ಯಂತ್ರಕ್ಕೆ ತಿಳಿಯುವ ಮಾತಿಗೆ ತಿರುಗಿಸಿದರು. ಹಲ್ಲಿಗೆ ಹತ್ತುವಂಥ ಮೆತ್ತಗಿನ ರೊಟ್ಟಿಯನ್ನೇ ನಾಳೆಯಿಂದ ಭಾವನಿಗೆ ಬೇರೆ ಬಡಿದು ತರುವುದಾಗಿ ಸಹನಾ ಒಪ್ಪಿಕೊಂಡಳು. ಅದನ್ನು ಮೊದಲೇ ಕೇಳಿದ್ದರೆ ಆಗುತ್ತಿತ್ತಲ್ಲ ಎಂದು ಚೇತನಪ್ಪ ಅಂದಾಗ ಅಕ್ಕತಂಗಿ ಇಬ್ಬರೂ ಒಟ್ಟಿಗೆ ಅವರ ಮೇಲೆ ಹರಿಹಾಯ್ದರು.

ಆದರೆ ಮುಂಗಾಣಿಯದು ಲೆಕ್ಕದ ಬುದ್ಧಿ. “ಸಹನಾ ಅವರು ಬಂದಿದ್ದಾರೆ. ನಿರೀಕ್ಷೆ ಮುಗಿಯಿತು. ನಾಳೆ ಅವರ ಬ್ರೆಡ್ಡು ಇರುವುದಿಲ್ಲ,” ಎಂದು ಅದು ಸಾರಿತು. ಆ ಮಾತು ಸ್ಫೂರ್ತವ್ವನಿಗೆ ಯಾಕೋ ಚುಚ್ಚಿತು.

“ವಿದಾಯಶೋಧಕ ಹಾಕಲಾ?” ಎಂದು ಕೇಳಿದರು ಮಂದಾಕಿನಿ.

“ಬ್ಯಾಡ್ರಿ,” ಎಂದರು ಸ್ಫೂರ್ತವ್ವ. “ನಾವೆಲ್ಲಾ ‘ಬರ್ತೀನಿ’ ಅಂತೀವಿ, ಯಾರೂ ನಂಬೂದಿಲ್ಲ. ಇದೊಂದಾದ್ರೂ ನಂಬಲಿ.”

ಹೊರಡುವಾಗ ವಿಜ್ಞಾನಿ ಹೊಸ್ತಿಲ ಮೇಲೆ ನಿಂತು ತಡವರಿಸಿದರು. ‘ಬರ್ತೀನಿ’ ಎಂದರೆ ನಾಳೆ ಸೋಂಪಿನ ಬ್ರೆಡ್ಡು ವ್ಯರ್ಥ. ‘ಹೋಗ್ತೀನಿ’ ಎನ್ನಲು ನಾಲಿಗೆ ಏಳದು. ಕೊನೆಗೆ ಕೈಮುಗಿದು, ಏನೂ ಅನ್ನದೆ ಮೆಟ್ಟಿಲಿಳಿದು, ನಾಲ್ಕು ಹೆಜ್ಜೆ ನಡೆದ ಮೇಲೆ ಮನಸ್ಸು ತಡೆಯದೆ ತಿರುಗಿ, “ಬರ್ತೀನಿ ಅಮ್ಮಾ. ದೀಪಾವಳಿ ಆದ್ಮೇಲೆ, ನಿಜವಾಗ್ಲೂ,” ಎಂದರು.

ಮುಂದೆ ಕಂಪನಿಯು ವಿದಾಯಶೋಧಕವನ್ನು ಎಲ್ಲ ಯಂತ್ರಗಳಿಗೂ ಸೇರಿಸಿ, ಬೇಡವಾದವರು ಅದನ್ನು ಬಂದ್ ಮಾಡಲೆಂದು ಒಂದು ಗುಂಡಿಯನ್ನೂ ಇಟ್ಟಿತು. ಧಾರವಾಡದಲ್ಲಿ ಮುಕ್ಕಾಲುಪಾಲು ಮಂದಿ ಶೋಧಕವನ್ನು ಬಂದ್ ಮಾಡಿಯೇ ಇಟ್ಟರು. ತಮ್ಮ ಹೆಸರಿನ ಬ್ರೆಡ್ಡು ಯಾರದೋ ಮನೆಯಲ್ಲಿ ದಿನವೂ ಬೇಯುತ್ತಿದೆ ಎಂದು ಗೊತ್ತಾದ ಮೇಲೆ ಮನುಷ್ಯ ಎಷ್ಟು ದಿನ ಹೋಗದೆ ಇದ್ದಾನು? ಜನ ಒಬ್ಬೊಬ್ಬರಾಗಿ ಮಾತು ಉಳಿಸಿಕೊಳ್ಳತೊಡಗಿದರು. ಹಿಟ್ಟಿನ ಖರ್ಚು ಕಡಿಮೆ ಮಾಡಲು ಹುಟ್ಟಿದ ಯಂತ್ರದಿಂದ ಆ ಊರಿನಲ್ಲಿ ಹಿಟ್ಟಿನ ಖರ್ಚು ಹೆಚ್ಚಾಯಿತು, ಮತ್ತು ಯಾರೂ ದೂರಲಿಲ್ಲ. ಆದರೆ ಅದು ಮುಂದಿನ ಮಾತು.

ಆ ಸಂಜೆ ವಿಜ್ಞಾನಿ ಹೋದ ಮೇಲೆ ಸಹನಾ ಕೂಡ ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ನಡೆದಳು. ಸ್ಫೂರ್ತವ್ವ ಬಾಗಿಲಲ್ಲಿ ನಿಂತು ಕಾದರು.

“ಯಕ್ಕಾ, ಬರ್ತೀನಿ,” ಎಂದಳು ಸಹನಾ, ಅಡುಗೆಮನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ.

ಆ ಮಾತಿಗೆ ‘ಹೂಂ, ಹೋಗಿ ಬಾ’ ಎನ್ನುವುದು ಪದ್ಧತಿ. ಅದಕ್ಕೆ ಮರುಪ್ರಶ್ನೆ ಹಾಕಿದವರನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

“ಯಾವಾಗ?” ಎಂದರು ಸ್ಫೂರ್ತವ್ವ.

ಸಹನಾ ಗೇಟಿನ ಮೇಲೆ ಕೈಯಿಟ್ಟು ಅಕ್ಕನನ್ನೇ ನೋಡುತ್ತ ನಿಂತಳು. ಆಮೇಲೆ, “ಈಗಽ,” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು.